ಹಿರೇಕೊಡಿಗೆಯಲ್ಲಿ ಹುಟ್ಟಿದ ಉಪಕುಲಪತಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಪದವಿ ಕಾಲೇಜುಗಳಲ್ಲಿ ಓದುವ ನಮ್ಮ ಮಕ್ಕಳ ಪದವಿ ಪತ್ರದ ಮೇಲೆ ಕುವೆಂಪು ಅವರ ಹೆಸರಿನ ವಿಶ್ವವಿದ್ಯಾಲಯದ ಮುದ್ರೆ ಇರುತ್ತದೆ. ಮಹಾಕವಿಯಾಗಿ ಅವರನ್ನು ಎಲ್ಲರೂ ಬಲ್ಲರು. ಆದರೆ ಅವರು ವಿಶ್ವವಿದ್ಯಾಲಯವೊಂದನ್ನು ಮುನ್ನಡೆಸಿದ ದಕ್ಷ ಆಡಳಿತಗಾರರೂ ಆಗಿದ್ದರೆಂಬುದು ಅನೇಕ ವಿದ್ಯಾರ್ಥಿಗಳಿಗೆ ತಿಳಿದಿರಲಾರದು.

ಕುವೆಂಪು ಅವರು 1904ರ ಡಿಸೆಂಬರ್ 29ರಂದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ ಜನಿಸಿದರು. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರೂ ವಿದ್ಯೆಯನ್ನು ಬಿಡಲಿಲ್ಲ. ತೀರ್ಥಹಳ್ಳಿಯ ಶಾಲೆಯಿಂದ ಮೈಸೂರಿನ ಪ್ರೌಢಶಾಲೆಗೂ, ಅಲ್ಲಿಂದ ಮಹಾರಾಜ ಕಾಲೇಜಿಗೂ ಸಾಗಿದರು. ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಅವರನ್ನು ತಾಯ್ನುಡಿಯಲ್ಲಿ ಬರೆಯುವಂತೆ ಪ್ರೇರೇಪಿಸಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್.

1929ರಲ್ಲಿ ಕನ್ನಡ ಅಧ್ಯಾಪಕರಾಗಿ ಸೇವೆ ಆರಂಭಿಸಿ, ಪ್ರಾಧ್ಯಾಪಕರಾಗಿ, ಮಹಾರಾಜ ಕಾಲೇಜಿನ ಪ್ರಾಂಶುಪಾಲರಾಗಿ ಹಂತ ಹಂತವಾಗಿ ಮೇಲೇರಿದರು. 1956ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾದರು. ಅದೇ ವಿಶ್ವವಿದ್ಯಾಲಯದಲ್ಲಿ ಓದಿ ಆ ಸ್ಥಾನಕ್ಕೇರಿದವರಲ್ಲಿ ಅವರೇ ಮೊದಲಿಗರು.

ಹಳ್ಳಿಯ ಮಗು ದಡ್ಡನಲ್ಲ, ತಿಳಿಯದ ಭಾಷೆಯ ಹೊರೆಯೇ ಅದನ್ನು ಹಿಂದಕ್ಕೆ ತಳ್ಳುತ್ತದೆ ಎಂಬುದು ಅವರ ದೃಢ ನಿಲುವು. ಇಂಗ್ಲಿಷನ್ನು ಭಾಷೆಯಾಗಿ ಕಲಿಯುವುದನ್ನು ಅವರು ವಿರೋಧಿಸಲಿಲ್ಲ. ಎಲ್ಲ ವಿಷಯಗಳನ್ನೂ ಅದರಲ್ಲೇ ಕಲಿಯಬೇಕೆಂಬ ಬಲವಂತವನ್ನು ವಿರೋಧಿಸಿದರು. ಕನ್ನಡದಲ್ಲಿ ಉನ್ನತ ಶಿಕ್ಷಣ ಸಾಧ್ಯವಿಲ್ಲ, ಪುಸ್ತಕಗಳೇ ಇಲ್ಲ ಎಂದವರಿಗೆ ಅವರು ವಾದದಿಂದಲ್ಲ, ಕೆಲಸದಿಂದ ಉತ್ತರಿಸಿದರು. ಕನ್ನಡ ಮಾಧ್ಯಮಕ್ಕೆ ದಾರಿ ತೆರೆದರು, ಅಧ್ಯಾಪಕರಿಂದ ವಿಜ್ಞಾನವೂ ಸೇರಿದಂತೆ ಹಲವು ವಿಷಯಗಳಲ್ಲಿ ಕನ್ನಡ ಪುಸ್ತಕಗಳನ್ನು ಬರೆಯಿಸಿದರು. ಬೋಧನೆ, ಸಂಶೋಧನೆಗಳ ಜೊತೆಗೆ ಜ್ಞಾನವನ್ನು ಜನರ ಬಳಿಗೆ ಒಯ್ಯುವುದೂ ವಿಶ್ವವಿದ್ಯಾಲಯದ ಹೊಣೆಯೆಂದು ತಿಳಿದು ಪ್ರಸಾರಾಂಗಕ್ಕೆ ಬಲ ತುಂಬಿದರು.

ಸ್ನಾತಕೋತ್ತರ ವಿಭಾಗಗಳು ಒಂದೆಡೆ ನೆಲೆಸಲೆಂದು ಅವರು ರೂಪಿಸಿದ ವಿಶಾಲ ಆವರಣವೇ ಮಾನಸ ಗಂಗೋತ್ರಿ. ಆ ಹೆಸರಿಟ್ಟವರೂ ಅವರೇ. 1960ರಲ್ಲಿ ನಿವೃತ್ತರಾದರು. 1967ರಲ್ಲಿ ಕನ್ನಡಕ್ಕೆ ಮೊದಲ ಜ್ಞಾನಪೀಠ, 1988ರಲ್ಲಿ ಪದ್ಮವಿಭೂಷಣ, 1992ರಲ್ಲಿ ಕರ್ನಾಟಕ ರತ್ನ ಪ್ರಶಸ್ತಿಗಳು ಅವರನ್ನು ಅರಸಿ ಬಂದವು. ಅವರು ಬದುಕಿರುವಾಗಲೇ, 1987ರಲ್ಲಿ, ಶಂಕರಘಟ್ಟದಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 1994ರ ನವೆಂಬರ್ 11ರಂದು ಅವರು ನಿಧನರಾದರು.

ಹುಟ್ಟಿದ ಮಗು ವಿಶ್ವಮಾನವ, ಜಾತಿ ಮತಗಳ ಗೋಡೆಗಳು ಅದನ್ನು ಕಿರಿದಾಗಿಸುತ್ತವೆ, ಶಿಕ್ಷಣ ಆ ಗೋಡೆಗಳನ್ನು ದಾಟಿಸಬೇಕು ಎಂಬುದು ಅವರ ನಂಬಿಕೆಯಾಗಿತ್ತು. ಮನೆಯಲ್ಲಿ ಬ್ಯಾರಿ, ಉರ್ದು, ಮಲಯಾಳಂ ಆಡುತ್ತ ಶಾಲೆಯಲ್ಲಿ ಕನ್ನಡ ಕಲಿಯುವ ನಮ್ಮ ಮಕ್ಕಳಿಗೂ ಆ ಬಾಗಿಲು ತೆರೆದಿದೆ. ಮಲೆನಾಡಿನ ಮೂಲೆಯ ಹಳ್ಳಿಯಲ್ಲಿ ಹುಟ್ಟಿದ್ದು ಕಲಿಕೆಗೆ ಅಡ್ಡಿಯಲ್ಲ ಎಂಬುದಕ್ಕೆ ಹಿರೇಕೊಡಿಗೆಯೇ ಸಾಕ್ಷಿ.