ಆಜ್ಞೆ ಮತ್ತು ಅಂತಃಸಾಕ್ಷಿ: ಸ್ಟಾನ್ಲಿ ಮಿಲ್ಗ್ರಾಮ್

ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬವನ್ನು ನಾವು ಆಚರಿಸುವ ಆಗಸ್ಟ್ 15ರಂದು, 1933ರಲ್ಲಿ, ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದ ಯೆಹೂದ್ಯ ಕುಟುಂಬವೊಂದರಲ್ಲಿ ಸ್ಟಾನ್ಲಿ ಮಿಲ್ಗ್ರಾಮ್ ಜನಿಸಿದರು. ತಂದೆ ಹಂಗೇರಿಯಿಂದ, ತಾಯಿ ರುಮೇನಿಯಾದಿಂದ ವಲಸೆ ಬಂದವರು. ತಂದೆಯದು ಬೇಕರಿ ಕೆಲಸ. ಅದೇ ವರ್ಷ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯುರೋಪಿನಲ್ಲಿ ತಮ್ಮವರು ಪಟ್ಟ ಯಾತನೆ ಬಾಲಕ ಸ್ಟಾನ್ಲಿಯನ್ನು ಎಷ್ಟು ಕಾಡಿತೆಂದರೆ, ಹದಿಮೂರನೆಯ ವಯಸ್ಸಿನ ಧಾರ್ಮಿಕ ಸಂಸ್ಕಾರದ ದಿನ ಅವರು ಮಾತಾಡಿದ್ದೂ ಅದರ ಬಗ್ಗೆಯೇ.

ರಾಜ್ಯಶಾಸ್ತ್ರ ಓದಿ, ಹಾರ್ವರ್ಡಿನಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದು, ಮಿಲ್ಗ್ರಾಮ್ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. 1961ರ ಏಪ್ರಿಲ್‌ನಲ್ಲಿ ಜೆರುಸಲೇಮಿನಲ್ಲಿ ನಾಜಿ ಅಧಿಕಾರಿ ಐಕ್‌ಮನ್‌ನ ವಿಚಾರಣೆ ಶುರುವಾಯಿತು. ಮೇಲಿನವರ ಆಜ್ಞೆಯನ್ನು ಪಾಲಿಸಿದೆನಷ್ಟೆ ಎಂಬುದು ಅವನ ವಾದ. ಅದೇ ಆಗಸ್ಟ್‌ನಲ್ಲಿ ಮಿಲ್ಗ್ರಾಮ್ ತಮ್ಮ ಪ್ರಯೋಗ ಆರಂಭಿಸಿದರು.

ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ನೆನಪಿನ ಶಕ್ತಿಯ ಅಧ್ಯಯನವೆಂದು ಹೇಳಿ, ಸಾಮಾನ್ಯ ಗಂಡಸರನ್ನು ಕರೆಸಿದರು. ಸಂಭಾವನೆ ನಾಲ್ಕು ಡಾಲರ್, ಜೊತೆಗೆ ಬಸ್ ಚಾರ್ಜು ಐವತ್ತು ಸೆಂಟ್. ಪಕ್ಕದ ಕೋಣೆಯಲ್ಲಿ ಕುರ್ಚಿಗೆ ಕಟ್ಟಿ ಕೂರಿಸಿದ ಒಬ್ಬ 'ವಿದ್ಯಾರ್ಥಿ'. ಅವನು ತಪ್ಪು ಉತ್ತರ ಕೊಟ್ಟಾಗಲೆಲ್ಲ, ಬಂದವರು ಒಂದು ಗುಂಡಿ ಒತ್ತಿ ಅವನಿಗೆ ವಿದ್ಯುತ್ ಆಘಾತ ಕೊಡಬೇಕು. ಗುಂಡಿಗಳು ಮೂವತ್ತು, 15 ವೋಲ್ಟ್‌ನಿಂದ 450ರವರೆಗೆ. ವಾಸ್ತವದಲ್ಲಿ ಅವನಿಗೆ ಆಘಾತವೇನೂ ತಗಲುತ್ತಿರಲಿಲ್ಲ, ಅವನದು ನಟನೆ. ಗುಂಡಿ ಒತ್ತುವವರಿಗೆ ಮಾತ್ರ ಅದು ತಿಳಿದಿರಲಿಲ್ಲ. 300 ವೋಲ್ಟ್‌ಗೆ ಗೋಡೆ ಬಡಿಯುವ ಸದ್ದು, ಬಳಿಕ ಮೌನ. ಒತ್ತುವವರು ಬೆವರಿದರು, ನಡುಗಿದರು, ಕೆಲವರು ವಿಚಿತ್ರವಾಗಿ ನಕ್ಕರು. ಬೂದು ಕೋಟು ತೊಟ್ಟ ವ್ಯಕ್ತಿ ಮುಂದುವರಿಸಿ ಎಂದು ಶಾಂತವಾಗಿ ಹೇಳುತ್ತಿದ್ದ. ಬೆದರಿಕೆಯಿಲ್ಲ, ಬೈಗುಳವಿಲ್ಲ. ಕೊನೆಯ ಗುಂಡಿಯವರೆಗೆ ಹೋಗುವವರು ಸಾವಿರಕ್ಕೊಬ್ಬರು ಎಂದು ಮನೋವೈದ್ಯರು ಅಂದಾಜಿಸಿದ್ದರು. ಹೋದವರು 40ರಲ್ಲಿ 26 ಮಂದಿ.

ಪ್ರಯೋಗವನ್ನು ಬೇರೆ ಬೇರೆ ರೀತಿಯಲ್ಲೂ ಮಾಡಿದರು. ಜೊತೆಯಲ್ಲಿ ಕುಳಿತ ಇಬ್ಬರು ಒಲ್ಲೆವೆಂದು ಎದ್ದಾಗ, ಕೊನೆ ಮುಟ್ಟಿದವರು 40ರಲ್ಲಿ ನಾಲ್ವರು ಮಾತ್ರ.

1974ರಲ್ಲಿ ಮಿಲ್ಗ್ರಾಮ್ ಬರೆದ ಪುಸ್ತಕದಲ್ಲಿ ನಮಗೆ ಸಂಬಂಧಿಸಿದ ಒಂದು ಮಾತಿದೆ. ಮೊದಲ ನಾಲ್ಕು ಪ್ರಯೋಗಗಳಲ್ಲಿ ಪ್ರೊಟೆಸ್ಟೆಂಟರಿಗಿಂತ, ಯೆಹೂದ್ಯರಿಗಿಂತ ಕಥೋಲಿಕರೇ ಹೆಚ್ಚು ವಿಧೇಯರಾಗಿದ್ದರಂತೆ. ಮುಂದಿನ ಪ್ರಯೋಗಗಳನ್ನು ಸೇರಿಸಿದಾಗ ಇಂಥ ವ್ಯತ್ಯಾಸಗಳು ಮಸುಕಾದವೆಂದು ಅವರೇ ಒಪ್ಪಿದ್ದಾರೆ. ಆದರೂ ಅದನ್ನು ಹಗುರವಾಗಿ ತಳ್ಳಿಹಾಕುವ ಮನಸ್ಸು ನನಗಿಲ್ಲ. ವಿಧೇಯತೆ ದೊಡ್ಡ ಗುಣವೆಂದು ಮಕ್ಕಳಿಗೆ ಕಲಿಸುವವರು ನಾವು. ಗುರುದೀಕ್ಷೆಯ ದಿನ ಧರ್ಮಾಧ್ಯಕ್ಷರ ಕೈಗಳಲ್ಲಿ ಕೈಯಿಟ್ಟು ಅದನ್ನೇ ವಾಗ್ದಾನ ಮಾಡಿದವರೂ ನಾವು. ದೇವಾಜ್ಞೆಗೆ ವಿರುದ್ಧವಾದ ಆಜ್ಞೆಗೆ ವಿಧೇಯತೆ ಸಲ್ಲದೆಂದು ಸಂತ ಥಾಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲೇ ಬರೆದರು. ಜನಾಂಗಗಳನ್ನು ಅಳಿಸುವ ಆಜ್ಞೆಗಳ ವಿಷಯದಲ್ಲಿ ಕುರುಡು ವಿಧೇಯತೆ ಯಾರನ್ನೂ ದೋಷಮುಕ್ತಗೊಳಿಸದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ನಮ್ಮ ಧರ್ಮೋಪದೇಶ ತರಗತಿಗಳಲ್ಲಿ ಈ ಅರ್ಧಭಾಗ ಎಷ್ಟು ಕೇಳಿಬರುತ್ತದೆ?

ಅದೇ ಪುಸ್ತಕದಲ್ಲಿ ಇನ್ನೊಬ್ಬರೂ ಇದ್ದಾರೆ. ದೇವಶಾಸ್ತ್ರದ ಶಾಲೆಯೊಂದರಲ್ಲಿ ಹಳೆಯ ಒಡಂಬಡಿಕೆಯನ್ನು ಬೋಧಿಸುತ್ತಿದ್ದ ಅವರು 150 ವೋಲ್ಟ್‌ಗೇ ಕೈ ಹಿಂತೆಗೆದರು. ಕುರ್ಚಿಯಲ್ಲಿದ್ದವನು ಬೇಡವೆಂದ ಮೇಲೆ ತಾವು ಕೇಳಬೇಕಾದದ್ದು ಅವನ ಮಾತನ್ನು ಎಂದರು. ದುಷ್ಟ ಆಜ್ಞೆಯನ್ನು ಎದುರಿಸಲು ಬಲ ಎಲ್ಲಿಂದ ಬರುತ್ತದೆಂದು ಬಳಿಕ ವಿಚಾರಿಸಿದಾಗ, ದೇವರನ್ನೇ ಪರಮಾಧಿಕಾರಿಯೆಂದು ನಂಬಿದವರಿಗೆ ಮಾನವ ಅಧಿಕಾರ ಚಿಕ್ಕದಾಗಿ ಕಾಣುತ್ತದೆಂದು ಉತ್ತರಿಸಿದರು. ಇವರು ಅಧಿಕಾರವನ್ನೇ ತಳ್ಳಿಹಾಕಿದವರಲ್ಲ, ಕೆಟ್ಟ ಅಧಿಕಾರದ ಜಾಗದಲ್ಲಿ ದೇವರ ಅಧಿಕಾರವನ್ನಿಟ್ಟವರು ಎಂದು ಮಿಲ್ಗ್ರಾಮ್ ಗುರುತಿಸಿದರು.

ಪ್ರಯೋಗಕ್ಕಾಗಿ ಜನರನ್ನು ವಂಚಿಸಿ ಸಂಕಟಕ್ಕೆ ದೂಡಿದರೆಂಬ ಟೀಕೆಯನ್ನೂ ಅವರು ಕೇಳಬೇಕಾಯಿತು. ಅದು ಅನ್ಯಾಯದ ಟೀಕೆಯೆಂದು ನನಗನಿಸುವುದಿಲ್ಲ. ಹಾರ್ವರ್ಡಿನಲ್ಲಿ ಕಾಯಂ ಹುದ್ದೆ ಸಿಗದೆ 1967ರಲ್ಲಿ ನ್ಯೂಯಾರ್ಕಿಗೆ ಮರಳಿ, ಅಲ್ಲಿಯೇ ಬೋಧಿಸುತ್ತಾ, 1984ರ ಡಿಸೆಂಬರ್ 20ರಂದು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 51. ಪತ್ನಿ, ಇಬ್ಬರು ಮಕ್ಕಳಿದ್ದರು.

ಬಹುಪಾಲು ಜನ ಕಥೋಲಿಕರಾಗಿರುವ ಪೋಲೆಂಡಿನಲ್ಲಿ ಈ ಪ್ರಯೋಗವನ್ನು ಮೃದುಗೊಳಿಸಿ ಮತ್ತೆ ನಡೆಸಿದ ವರದಿ 2017ರಲ್ಲಿ ಪ್ರಕಟವಾಯಿತು. ಹತ್ತೇ ಗುಂಡಿಗಳು. ಬಂದಿದ್ದ 80 ಮಂದಿಯಲ್ಲಿ 72 ಮಂದಿ ಹತ್ತನೆಯದನ್ನೂ ಒತ್ತಿದರು.