ನಿಮ್ಹಾನ್ಸ್ ಅಂದರೆ ಹುಚ್ಚಾಸ್ಪತ್ರೆಯೇ? ಡಾ. ಎಂ. ವಿ. ಗೋವಿಂದಸ್ವಾಮಿ ಮಾಡಿದ್ದೇನು?

ಎಮ್ಮೆದೊಡ್ಡಿಯ ರಸ್ತೆಯಲ್ಲಿ ಯಾರೋ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಯಿತು ಎಂದುಕೊಳ್ಳಿ. ಕಡೂರು ದಾಟಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ಯಿರಿ ಎಂದಾಗ ಮನೆಯವರು ಹಿಂದೆಮುಂದೆ ನೋಡುವುದುಂಟು. ತಲೆ ಒಡೆದವನಿಗೂ ಹುಚ್ಚಾಸ್ಪತ್ರೆಗೂ ಏನು ಸಂಬಂಧ ಅನ್ನುವ ಅನುಮಾನ.

ಆ ಹೆಸರು ಪೂರ್ತಿ ಸುಳ್ಳೇನಲ್ಲ. ಬೆಂಗಳೂರು ಪೇಟೆಯ ಹಳೆಯ ಹುಚ್ಚಾಸ್ಪತ್ರೆಗೆ 1925ರಲ್ಲಿ ಮೈಸೂರು ಸರ್ಕಾರಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂತು. ಮುಂದಿನ ದಶಕದಲ್ಲಿ ಅದು ಈಗಿರುವ ವಿಶಾಲ ಆವರಣಕ್ಕೆ ಬಂತು. ಡಾ. ಫ್ರಾಂಕ್ ನರೋನ್ಹಾ ಅವರ ನಂತರ ಅದರ ಚುಕ್ಕಾಣಿ ಹಿಡಿದವರು 1904ರಲ್ಲಿ ಹುಟ್ಟಿದ ಗೋವಿಂದಸ್ವಾಮಿ. ಮನೋವೈದ್ಯರಾದರೂ ಅವರ ಕಣ್ಣು ಮಿದುಳಿನ ಮೇಲೂ ಇತ್ತು.

ಆಗ ತೀವ್ರ ಮನೋರೋಗಕ್ಕೆ ಪರಿಣಾಮಕಾರಿ ಮಾತ್ರೆಗಳೇ ಇರಲಿಲ್ಲ. ಗೋವಿಂದಸ್ವಾಮಿ ಮತ್ತು ಶಸ್ತ್ರವೈದ್ಯ ಬಾಲಕೃಷ್ಣ ರಾವ್ ಸೇರಿ ಲ್ಯೂಕೋಟಮಿ ಮಾಡಿದರು. ತಲೆಬುರುಡೆಗೆ ಎರಡೂ ಕಡೆ ರಂಧ್ರ ಕೊರೆದು, ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ ಅದು. ಫಲಿತಾಂಶವನ್ನು 1944ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದು ಓದಿದರೆ ಮೈ ಜುಮ್ಮೆನ್ನುತ್ತದೆ. ಈ ಚಿಕಿತ್ಸೆಯ ಜನಕ ಮೊನಿಜ್ ಅವರಿಗೆ 1949ರಲ್ಲಿ ನೊಬೆಲ್ ಕೂಡ ಬಂತು. 1950ರ ದಶಕದಲ್ಲಿ ಔಷಧಗಳು ಬಂದ ಮೇಲೆ ಅದು ಮೂಲೆ ಸೇರಿತು. ರೋಗಿಯ ವ್ಯಕ್ತಿತ್ವವನ್ನೇ ಮಂಕಾಗಿಸಬಲ್ಲ ಆ ದಾರಿ ತಪ್ಪಾಗಿತ್ತು ಎಂದೇ ಈಗ ಹೇಳಬೇಕು.

ಅವರ ನಿಜವಾದ ಕೊಡುಗೆ ಬೇರೆಯದು. 1954ರಲ್ಲಿ ಅದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಗೋವಿಂದಸ್ವಾಮಿ ಮೊದಲ ನಿರ್ದೇಶಕರು. ಮರುವರ್ಷವೇ ಮನೋವೈದ್ಯರಿಗೂ ಮನಶ್ಶಾಸ್ತ್ರಜ್ಞರಿಗೂ ತರಬೇತಿ ಶುರುವಾಯಿತು. 1958ರಲ್ಲಿ ಡಾ. ಆರ್. ಮಾರ್ತಾಂಡ ವರ್ಮ ಬಂದು ನರಶಸ್ತ್ರಚಿಕಿತ್ಸೆ ಆರಂಭಿಸಿದರು. ಮನಸ್ಸಿನ ವೈದ್ಯರೂ ಮಿದುಳಿನ ವೈದ್ಯರೂ ಒಂದೇ ಆವರಣಕ್ಕೆ ಬಂದದ್ದು ಹೀಗೆ.

ಇದರಿಂದ ರೋಗಿಗೆ ಏನು ಲಾಭ? ಮಿದುಳಿನ ಮುಂಭಾಗದಲ್ಲಿ ಗೆಡ್ಡೆ ಬೆಳೆದರೆ ಮೊದಲು ಕಾಣುವುದು ತಲೆನೋವೇ ಆಗಬೇಕಿಲ್ಲ. ಶಾಂತವಾಗಿದ್ದವರು ಸಿಡುಕಬಹುದು, ಲೆಕ್ಕಾಚಾರ ಬಲ್ಲವರು ದುಡ್ಡು ಚೆಲ್ಲಬಹುದು, ಕೆಲವರು ಸ್ನಾನ ಮಾಡುವುದನ್ನೂ ಬಿಡಬಹುದು. ಮನೆಯವರು ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸುತ್ತಾರೆ. ಮನೋವೈದ್ಯರಿಗೆ ಅನುಮಾನ ಬಂದರೆ ಪಕ್ಕದಲ್ಲೇ ನರರೋಗ ತಜ್ಞರಿದ್ದಾರೆ. ಇನ್ನೊಂದು ಕಡೆ, ತಲೆಪೆಟ್ಟಿನಿಂದ ಚೇತರಿಸಿಕೊಂಡವರ ಮರೆವು, ಸಿಟ್ಟು, ಖಿನ್ನತೆ ಹೊಲಿಗೆ ಬಿಚ್ಚಿದ ಮಾತ್ರಕ್ಕೆ ಹೋಗುವುದಿಲ್ಲ. ಅಲ್ಲಿ ಮನಶ್ಶಾಸ್ತ್ರಜ್ಞರು ಬೇಕು.

ಗೋವಿಂದಸ್ವಾಮಿ 1961ರಲ್ಲಿ ತೀರಿಕೊಂಡರು. ಮಾನಸಿಕ ಆಸ್ಪತ್ರೆಯೂ ತರಬೇತಿ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಎಂಬ ಹೆಸರು ಬಂದದ್ದು 1974ರ ಡಿಸೆಂಬರ್‌ನಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

ಎಮ್ಮೆದೊಡ್ಡಿಯಿಂದ ಅಲ್ಲಿಗೆ 200 ಕಿ.ಮೀ.ಗೂ ಹೆಚ್ಚು ದೂರ. ತಲೆಗೆ ಪೆಟ್ಟಾದವರು ಮೊದಲು ಚೆನ್ನಾಗಿಯೇ ಮಾತಾಡಿ, ಒಳಗೆ ರಕ್ತಸ್ರಾವವಾಗಿ ಕೆಲವು ಗಂಟೆಗಳ ಬಳಿಕ ಪ್ರಜ್ಞೆ ತಪ್ಪಬಹುದು. ಹಾಗಾಗಿ ವಾಂತಿ, ಹೆಚ್ಚುವ ತಲೆನೋವು, ಮಂಪರು, ಫಿಟ್ಸ್ ಕಂಡರೆ ಮೊದಲು 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಅಲ್ಲಿನ ವೈದ್ಯರು ನಿಮ್ಹಾನ್ಸ್‌ಗೆ ಬರೆದುಕೊಟ್ಟರೆ, ಹೆಸರಿಗೆ ಹೆದರಿ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಡಿ.