ವಿಜ್ಞಾನಿ ವ್ಯಾನ್ ಡರ್ ವಾಲ್ಸ್

ರಸಾಯನಶಾಸ್ತ್ರವನ್ನು ಓದಿದವರಿಗೆ ವ್ಯಾನ್ ಡರ್ ವಾಲ್ಸ್ ಬಲವೆಂಬ ಮಾತು ಪರಿಚಿತವಾದುದೇ. ಆ ನಾಮಧೇಯದ ಮಹನೀಯರು ಶಾಲೆಯ ಉಪಾಧ್ಯಾಯರಾಗಿ ಬಾಳನ್ನಾರಂಭಿಸಿದವರೆಂಬುದನ್ನು ಬಲ್ಲವರು ವಿರಳ.

ಯೊಹಾನೆಸ್ ಡಿಡೆರಿಕ್ ವ್ಯಾನ್ ಡರ್ ವಾಲ್ಸ್ ಅವರು 1837ನೆಯ ನವೆಂಬರ್ 23ರಂದು ಹಾಲೆಂಡಿನ ಲೈಡನ್ ನಗರದಲ್ಲಿ ಜನಿಸಿದರು. ತಂದೆ ಬಡಗಿ, ಹತ್ತು ಮಂದಿ ಮಕ್ಕಳಲ್ಲಿ ಇವರೇ ಹಿರಿಯರು. ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಕಲಿಸುವ ಶಾಲೆ ಇಂತಹ ಮನೆಯ ಮಕ್ಕಳಿಗೆ ಎಟುಕುತ್ತಿರಲಿಲ್ಲ. ಆ ಭಾಷೆಗಳನ್ನರಿಯದವರಿಗೆ ವಿಶ್ವವಿದ್ಯಾನಿಲಯದ ಪರೀಕ್ಷೆಗಳ ಬಾಗಿಲು ಮುಚ್ಚಿತ್ತು. ಆದರೂ ಅವರು ಎದೆಗುಂದಲಿಲ್ಲ. ಶಾಲೆಯಲ್ಲಿ ಬೋಧಿಸುತ್ತ, ಬಿಡುವಿನ ವೇಳೆಯಲ್ಲಿ ಲೈಡನ್ನಿನಲ್ಲಿ ವ್ಯಾಸಂಗ ಮಾಡಿದರು. ಮುಂದೆ ಆ ನಿಬಂಧನೆಯಿಂದ ವಿನಾಯಿತಿ ದೊರೆಯಲು, ಪರೀಕ್ಷೆಗಳಲ್ಲಿ ತೇರ್ಗಡೆ ಹೊಂದಿ, 1873ರಲ್ಲಿ ಪ್ರೌಢಪ್ರಬಂಧವನ್ನು ಸಲ್ಲಿಸಿದರು. ಆಗ ಅವರ ವಯಸ್ಸು ಮೂವತ್ತೈದು.

ಅನಿಲದ ಅಣುಗಳು ಗಾತ್ರವಿಲ್ಲದ ಬಿಂದುಗಳು, ಅವುಗಳಿಗೆ ಪರಸ್ಪರ ಆಕರ್ಷಣೆಯಿಲ್ಲ ಎಂದು ಭಾವಿಸಿ ಲೆಕ್ಕ ಹಾಕುವುದು ಅಂದಿನ ರೂಢಿ. ಅಣುವಿಗೂ ಗಾತ್ರವುಂಟು, ಅಣು ಅಣುಗಳ ನಡುವೆ ಸೆಳೆತವೂ ಉಂಟು ಎಂದು ಎಣಿಸಿ, ಎರಡು ತಿದ್ದುಪಡಿಗಳಿಂದ ಅವರು ಹೊಸ ಸಮೀಕರಣವನ್ನು ರಚಿಸಿದರು. ಅನಿಲ ಮತ್ತು ದ್ರವ ಬೇರೆ ಬೇರೆ ವಸ್ತುಗಳಲ್ಲ, ಒಂದೇ ವಸ್ತುವಿನ ಎರಡು ಸ್ಥಿತಿಗಳು. ಎರಡರಲ್ಲಿಯೂ ದುಡಿಯುವ ಬಲ ಒಂದೇ ಎಂಬುದು ಇದರಿಂದ ಸ್ಪಷ್ಟವಾಯಿತು. ಪರಮಾಣುಗಳನ್ನು ಅಣುವಾಗಿ ಬೆಸೆಯುವ ರಾಸಾಯನಿಕ ಬಂಧಕ್ಕೆ ಹೋಲಿಸಿದರೆ ಈ ಸೆಳೆತ ಅತಿ ದುರ್ಬಲ. ಆದರೆ ಇದಿಲ್ಲದಿದ್ದರೆ ಯಾವ ಅನಿಲವೂ ದ್ರವವಾಗುತ್ತಿರಲಿಲ್ಲ.

1877ರಲ್ಲಿ ಅವರು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. 1880ರಲ್ಲಿ, ಅನಿಲಗಳ ವರ್ತನೆಯನ್ನೆಲ್ಲ ಒಂದೇ ಸೂತ್ರದಲ್ಲಿ ಪೋಣಿಸುವ ನಿಯಮವನ್ನು ಪ್ರಕಟಿಸಿದರು. ಮರುವರ್ಷವೇ ಪತ್ನಿ ಆನಾ ತೀರಿಕೊಂಡರು. ನಾಲ್ವರು ಮಕ್ಕಳು ತಾಯಿಯಿಲ್ಲದವರಾದರು. ಆ ದುಃಖದಿಂದ ಸುಮಾರು ಒಂದು ದಶಕ ಅವರ ಲೇಖನಿ ಮೌನವಾಯಿತು. 1890ರಲ್ಲಿ ದ್ರವಮಿಶ್ರಣಗಳ ಸಿದ್ಧಾಂತದೊಡನೆ ಮತ್ತೆ ಚೇತರಿಸಿತು.

ತನ್ನ ಪರಮಾಣುಗಳ ನಡುವೆ ರಾಸಾಯನಿಕ ಬಂಧವನ್ನೇ ಏರ್ಪಡಿಸಿಕೊಳ್ಳದ ಹೀಲಿಯಮ್ಮನ್ನು 1908ರಲ್ಲಿ ಕ್ಯಾಮರ್ಲಿಂಗ್ ಓನ್ನೆಸ್ ಅವರು ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ದ್ರವೀಕರಿಸಿದರು. ಅವರಿಗೆ ದಾರಿ ತೋರಿದ್ದು 1880ರ ಆ ನಿಯಮ. ಈ ಸಿದ್ಧಿ ನೆರವೇರಿದ್ದೂ ಅದೇ ಲೈಡನ್ನಿನಲ್ಲಿ. 1910ರಲ್ಲಿ ವ್ಯಾನ್ ಡರ್ ವಾಲ್ಸ್ ಅವರಿಗೆ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. 1923ರ ಮಾರ್ಚ್ 8ರಂದು ಅವರು ದಿವಂಗತರಾದರು. ಆ ಸೆಳೆತದ ಮೂಲವನ್ನು 1930ರಲ್ಲಿ ಫ್ರಿಟ್ಸ್ ಲಂಡನ್ ಅವರು ಕ್ವಾಂಟಮ್ ಸಿದ್ಧಾಂತದಿಂದ ವಿವರಿಸಿದರು.

ಬಡಗಿಯ ಮಗನಿಗೆ ಒಮ್ಮೆ ಮುಚ್ಚಿದ್ದ ಬಾಗಿಲು ತಡವಾಗಿಯಾದರೂ ತೆರೆಯಿತು. ಅದರಿಂದ ಲಾಭವಾದದ್ದು ಲೋಕಕ್ಕೆ. ಬಡ ವಿದ್ಯಾರ್ಥಿಗೆ ಆಸರೆಯಾಗುವವರೂ, ಬೋಧಿಸುತ್ತಲೇ ಕಲಿಯುವ ಉಪಾಧ್ಯಾಯರೂ ನೆನೆಯಬೇಕಾದ ಬಾಳು ಇದು.